ಆರು ತೊಟ್ಟಿ, ಮೂರು ರಾತ್ರಿಯ ಮೊಟ್ಟೆ: ಸೀಬಾಸ್ ಮರಿಗಳಲ್ಲಿ ವಿಎನ್‌ಎನ್ ಹರಡಿದ ಬಗೆ

ಸೀಬಾಸ್ ಮೀನಿನ ಹ್ಯಾಚರಿಯಲ್ಲಿ (ಮೊಟ್ಟೆಯೊಡೆಸಿ ಮರಿ ಸಾಕುವ ಕೇಂದ್ರದಲ್ಲಿ) ಮೊಟ್ಟೆಯೊಡೆದ ಎರಡನೇ ವಾರದಿಂದ ನಾಲ್ಕನೇ ವಾರದೊಳಗೆ ತೊಟ್ಟಿಗಟ್ಟಲೆ ಮರಿ ಸತ್ತರೆ ಮೊದಲು ಅನುಮಾನಿಸಬೇಕಾದದ್ದು ವಿಎನ್‌ಎನ್, ಅಂದರೆ ವೈರಲ್ ನರ್ವಸ್ ನೆಕ್ರೋಸಿಸ್. ಮಿದುಳು, ಬೆನ್ನುಹುರಿ, ಕಣ್ಣಿನ ರೆಟಿನಾ ಇವನ್ನೇ ಹುಡುಕಿಕೊಂಡು ಹೋಗುವ ಬೀಟಾನೋಡಾವೈರಸ್ ಇದಕ್ಕೆ ಕಾರಣ. ಇಲ್ಲಿ ಬಿಡಿಸಿಟ್ಟಿರುವುದು ಯಾವುದೋ ಒಂದು ಕೇಂದ್ರದ ದಾಖಲೆಯಲ್ಲ. ಇಂಥ ಹ್ಯಾಚರಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಪೋಣಿಸಿ ಕಟ್ಟಿದ ಮಾದರಿ ಪ್ರಕರಣ. ತೊಟ್ಟಿಗಳ ಎಣಿಕೆ, ಸಾವಿನ ಲೆಕ್ಕ, ಪರೀಕ್ಷೆಯ ಅಂಕಿ ಆ ಮಾದರಿಗೆ ಸೇರಿದವು. ವೈರಸ್ಸಿನ ಗುಣ ಮತ್ತು ಅದನ್ನು ಕೊಲ್ಲುವ ಪ್ರಮಾಣಗಳು ಪ್ರಯೋಗಾಲಯಗಳಲ್ಲಿ ಕಂಡುಕೊಂಡವು. ಎಷ್ಟು ಮರಿ ಸತ್ತವು ಎಂಬುದಕ್ಕಿಂತ ಯಾವ ತೊಟ್ಟಿ ಯಾವುದರ ನಂತರ ಕಾಯಿಲೆ ಬಿತ್ತು ಎಂಬುದರ ಮೇಲೆ ಓದುಗರ ಕಣ್ಣಿರಲಿ. ರೋಗ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಆ ಕ್ರಮದಲ್ಲೇ.

ಹ್ಯಾಚರಿಯ ಏರ್ಪಾಡು

ತಲಾ 5,000 ಲೀಟರಿನ ಆರು ತೊಟ್ಟಿಗಳು. 1ರಿಂದ 4 ಮೊದಲ ಕೋಣೆಯಲ್ಲಿ, 5 ಮತ್ತು 6 ಗೋಡೆಯಾಚೆಯ ಎರಡನೇ ಕೋಣೆಯಲ್ಲಿ. ಕೋಣೆಗೊಬ್ಬ ಕೆಲಸಗಾರ. ಸಮುದ್ರದ ನೀರು ಮರಳಿನ ಫಿಲ್ಟರ್, 5 ಮೈಕ್ರಾನ್ ಕಾರ್ಟ್ರಿಜ್, ಆಮೇಲೆ ಯುವಿ (ನೇರಳಾತೀತ ಬೆಳಕಿನ) ದೀಪ ದಾಟಿ ಆರೂ ತೊಟ್ಟಿಗಳಿಗೆ ಹೋಗುತ್ತಿತ್ತು. ಉಷ್ಣಾಂಶ 29 ಡಿಗ್ರಿ, ಉಪ್ಪಿನಂಶ ಸಾವಿರಕ್ಕೆ 30. ಲೀಟರಿಗೆ 40 ಮರಿಯಂತೆ ತೊಟ್ಟಿಗೆ 2 ಲಕ್ಷ ಬಿಡಲಾಗಿತ್ತು. ಮೊಟ್ಟೆ ಸಾಲದೆ ಬಂದದ್ದರಿಂದ 4ನೇ ತೊಟ್ಟಿಗೆ ಮಾತ್ರ ಲೀಟರಿಗೆ 15ರಂತೆ 75,000. ಈ ಕೊರತೆ ಮುಂದೆ ಅನುಕೂಲಕ್ಕೇ ಬಂತು.

ತಾಯಿಮೀನುಗಳಲ್ಲಿ ಎರಡು ಗುಂಪು. ಎ ಗುಂಪು ಹಾರ್ಮೋನ್ ಕೊಟ್ಟ ಮೇಲೆ ಸತತ ನಾಲ್ಕು ರಾತ್ರಿ ಮೊಟ್ಟೆಯಿಟ್ಟಿತು. ಬಿ ಗುಂಪು ಎರಡನೇ ರಾತ್ರಿ ಮಾತ್ರ. ಎ ಗುಂಪಿನ ಮೊದಲ ರಾತ್ರಿಯ ಮೊಟ್ಟೆಗಳು 1 ಮತ್ತು 3ನೇ ತೊಟ್ಟಿಗೆ ಹೋದವು, ನಾಲ್ಕನೇ ರಾತ್ರಿಯವು 2 ಮತ್ತು 5ಕ್ಕೆ. ಬಿ ಗುಂಪಿನವು 4 ಮತ್ತು 6ಕ್ಕೆ. ನಡುವಿನ ಎರಡು ರಾತ್ರಿ ಎ ಗುಂಪಿನಿಂದ ಬಂದ ಮೊಟ್ಟೆಗಳಲ್ಲಿ ಫಲಿತವಾದವು ಕಡಿಮೆಯಿದ್ದು, ಅವನ್ನು ಬಳಸಲಿಲ್ಲ. ತಾಯಿಮೀನುಗಳ ಆಹಾರ ಫ್ರೀಜರಿನಲ್ಲಿಟ್ಟು ಕರಗಿಸಿದ ಸಣ್ಣ ಸಮುದ್ರಮೀನು.

ಇಲ್ಲಿ ಒಂದು ಒಳ್ಳೆಯ ರೂಢಿಯಿತ್ತು. ಮೊಟ್ಟೆಯನ್ನು ತೊಟ್ಟಿಗೆ ಬಿಡುವ ಮುಂಚೆ ಪ್ರತಿ ರಾತ್ರಿಯದರಿಂದಲೂ ಅರ್ಧ ಮಿ.ಲೀ.ನಷ್ಟು ತೆಗೆದು, ಆರ್‌ಎನ್‌ಎ ಕೆಡದಂತೆ ಕಾಯುವ ದ್ರಾವಣದಲ್ಲಿ ಮುಳುಗಿಸಿ, ರಾತ್ರಿಯ ಗುರುತು ಬರೆದು ಫ್ರೀಜರಿಗೆ ಸೇರಿಸುತ್ತಿದ್ದರು. ಐದು ನಿಮಿಷದ ಕೆಲಸ. ಬಹಳ ಕಡೆ ಇದನ್ನು ಮಾಡುವುದಿಲ್ಲ. ರೋಗ ಬಂದ ಮೇಲೆ ಹಿಂತಿರುಗಿ ನೋಡಲು ಬೇರೆ ಯಾವ ದಾರಿಯೂ ಇರುವುದಿಲ್ಲ.

ಮೊದಲ ಮೂರು ದಿನ

ಲಕ್ಷಣ ಕಂಡ ದಿನವನ್ನು 0 ಎಂದಿಟ್ಟುಕೊಳ್ಳೋಣ. ಆ ಬೆಳಿಗ್ಗೆ 2 ಮತ್ತು 5ನೇ ತೊಟ್ಟಿಗಳಲ್ಲಿ ಹಿಂದಿನ ಸಂಜೆ ಕೊಟ್ಟ ಆಹಾರ ಹಾಗೇ ಉಳಿದಿತ್ತು. ಮರಿಗಳಿಗೆ ಹನ್ನೊಂದು ದಿನ. ಈ ವಯಸ್ಸಿನ ಆರೋಗ್ಯವಂತ ಸೀಬಾಸ್ ಮರಿ ಕಪ್ಪಗೆ, ಚುರುಕಾಗಿ, ಬೆಳಕಿನತ್ತ ಗುಂಪುಕಟ್ಟಿಕೊಂಡಿರುತ್ತದೆ. ಇವುಗಳ ಮೈ ಬೂದುಬಣ್ಣಕ್ಕೆ ಬಿಳಚಿತ್ತು, ಗುಂಪು ಚದುರಿತ್ತು. ಸಂಜೆಯ ಹೊತ್ತಿಗೆ ಕೆಲವು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಗಾಜಿನ ಕಡ್ಡಿಯಿಂದ ಮುಟ್ಟಿದರೆ ತಿರುಪಿನಂತೆ ಗಿರಗಿರನೆ ಸುತ್ತಿ ತಳಕ್ಕಿಳಿಯುತ್ತಿದ್ದವು, ಅಲ್ಲಿ ಒರಗಿದ್ದು ಮತ್ತೆ ತೇಲಿ ಬರುತ್ತಿದ್ದವು.

ಸೂಕ್ಷ್ಮದರ್ಶಕದಲ್ಲಿ ಗಾಳಿಚೀಲ ಉಬ್ಬಿಕೊಂಡದ್ದು ಕಂಡಿತು. ಹಾಗಾಗಿ ಮೊದಲ ಅನುಮಾನ ಹೋದದ್ದು ನೀರಿನಲ್ಲಿ ಕರಗಿದ ಅನಿಲದ ಮೇಲೆ. ಅಳೆದು ನೋಡಿದರೆ ಒಟ್ಟು ಅನಿಲ ಒತ್ತಡ ಶೇ. 101, ಅದರಿಂದ ಮರಿ ಸಾಯುವುದಿಲ್ಲ. ಅನಿಲ ಹೆಚ್ಚಾದರೆ ಗುಳ್ಳೆ ಗಾಳಿಚೀಲದಲ್ಲಷ್ಟೇ ಅಲ್ಲ, ಕರುಳಿನಲ್ಲಿ, ಚರ್ಮದಡಿಯಲ್ಲಿ, ರೆಕ್ಕೆಗಳ ಅಂಚಿನಲ್ಲೂ ಕಾಣಬೇಕು. ಇಲ್ಲಿ ಅದೇನೂ ಇರಲಿಲ್ಲ. ನರದ ಹಿಡಿತ ತಪ್ಪಿದಾಗಲೂ ಗಾಳಿಚೀಲ ಹೀಗೆ ಉಬ್ಬುತ್ತದೆ. ಆಮ್ಲಜನಕ, ಅಮೋನಿಯಾ ಸರಿಯಾಗಿದ್ದವು. ಪರಾವಲಂಬಿ ಇಲ್ಲವೆಂದು ಕಿವಿರು ಮತ್ತು ಚರ್ಮದ ಹಸಿ ಲೇಪನ ನೋಡಿ ಖಚಿತಪಡಿಸಿಕೊಳ್ಳಲಾಯಿತು.

ಎರಡನೇ ಅನುಮಾನ ವಿಬ್ರಿಯೋ ಬ್ಯಾಕ್ಟೀರಿಯಾ. ಸತ್ತ ಮರಿಗಳನ್ನು ಅರೆದು ವಿಬ್ರಿಯೋ ಬೆಳೆಸುವ ಟಿಸಿಬಿಎಸ್ ತಟ್ಟೆಗೆ ಸವರಿದರೆ ಮರುದಿನ ಹಳದಿ ವಸಾಹತುಗಳು ತುಂಬಿಕೊಂಡಿದ್ದವು. ಇದೇ ಈ ಪ್ರಕರಣದ ದುಬಾರಿ ತಿರುವು. ಹ್ಯಾಚರಿಯ ನೀರಿನಲ್ಲಿ ಸತ್ತ ಯಾವ ಮರಿಯಿಂದಲೂ ವಿಬ್ರಿಯೋ ಬೆಳೆಯುತ್ತದೆ. ಸಾವಿಗೆ ಅದೇ ಕಾರಣವೋ, ಸತ್ತ ಮೇಲೆ ಸೇರಿಕೊಂಡದ್ದೋ ಎಂಬುದನ್ನು ತಟ್ಟೆ ಹೇಳುವುದಿಲ್ಲ. ಅದನ್ನು ನಂಬಿ ದಿನ 1ರಿಂದ ನೀರಿಗೆ ಆಕ್ಸಿಟೆಟ್ರಾಸೈಕ್ಲಿನ್ ಹಾಕತೊಡಗಿದರು. ಆ್ಯಂಟಿಬಯಾಟಿಕ್‌ಗೂ ವೈರಸ್ಸಿಗೂ ಸಂಬಂಧವಿಲ್ಲ. ಸಾಲದ್ದಕ್ಕೆ, ಸಮುದ್ರದ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಕೂಡಿಕೊಂಡು ಈ ಔಷಧ ತನ್ನ ಶಕ್ತಿಯನ್ನು ಬಹುಪಾಲು ಕಳೆದುಕೊಳ್ಳುತ್ತದೆ. ವಿಬ್ರಿಯೋವೇ ಕಾರಣವಾಗಿದ್ದರೂ ಅಂಥ ಪ್ರಯೋಜನವಾಗುತ್ತಿರಲಿಲ್ಲ. ನಿಜವಾದ ಹಾನಿ ಮಾತ್ರ ಬೇರೆ ಕಡೆಯಿಂದ ಆಯಿತು. ಔಷಧ ಕಲಸಿದ ಬಕೆಟ್ಟು, ಸುರಿಯುವ ಮಗ್ಗು, ಸತ್ತವನ್ನು ಎಳೆಯುವ ಸೈಫನ್ ಪೈಪು ಎಲ್ಲವೂ ಕಾಯಿಲೆ ಬಿದ್ದ ತೊಟ್ಟಿಯಿಂದ ಪಕ್ಕದ ತೊಟ್ಟಿಗಳಿಗೆ ಓಡಾಡಿದವು.

2ನೇ ತೊಟ್ಟಿಯಲ್ಲಿ ದಿನ 0ರಂದು ಸುಮಾರು 1.3 ಲಕ್ಷ ಮರಿ ಉಳಿದಿದ್ದವು. ದಿನ 1ರ ಸಾವು 6,000, ದಿನ 2ರದು 31,000, ದಿನ 3ರದು 58,000. ಇಷ್ಟನ್ನು ಒಂದೊಂದಾಗಿ ಎಣಿಸಲಾಗದು. ಸೈಫನ್ ಮಾಡಿ ಬಲೆಯಲ್ಲಿ ನೀರು ಬಸಿದ ಮೇಲೆ 10 ಮಿ.ಲೀ. ಅಳತೆಯಲ್ಲಿರುವ ಮರಿಗಳನ್ನು ಮೂರು ಸಲ ಎಣಿಸಿ, ಸರಾಸರಿಯನ್ನು ಒಟ್ಟು ಗಾತ್ರಕ್ಕೆ ಗುಣಿಸಬೇಕು. ಸಾವು ದಿನದಿಂದ ದಿನಕ್ಕೆ ಹಲವು ಪಟ್ಟು ಏರುತ್ತಿದ್ದರೆ ಸೋಂಕು ತೊಟ್ಟಿಯೊಳಗೇ ಕುದಿಯುತ್ತಿದೆ ಎಂದರ್ಥ. ವಿಷವೋ ಆಮ್ಲಜನಕದ ಕೊರತೆಯೋ ಆಗಿದ್ದರೆ ಮೊದಲ ದಿನವೇ ಬಹುಪಾಲು ಹೋಗಿ ಆಮೇಲೆ ಇಳಿಯುತ್ತದೆ.

ಮಾದರಿ ತೆಗೆದ ಕ್ರಮ

ದಿನ 2ರಂದು ಆರೂ ತೊಟ್ಟಿಗಳಿಂದ ಮಾದರಿ ತೆಗೆಯಲಾಯಿತು. ಆರಂಭ 4ನೇ ತೊಟ್ಟಿಯಿಂದ, ಮುಗಿಸಿದ್ದು 2 ಮತ್ತು 5ರಲ್ಲಿ. ಆರೋಗ್ಯವಾಗಿ ಕಾಣುವ ತೊಟ್ಟಿಯಿಂದ ರೋಗದ ತೊಟ್ಟಿಯ ಕಡೆಗೇ ನಡೆಯಬೇಕು. ಪ್ರತಿ ತೊಟ್ಟಿಗೂ ಹೊಸ ಕೈಗವಸು, ಹೊಸ ಪಿಪೆಟ್. ಇಲ್ಲವಾದರೆ ವೈರಸ್ಸಿನ ಆನುವಂಶಿಕ ತುಣುಕನ್ನು ಮತ್ತೆ ಮತ್ತೆ ದ್ವಿಗುಣಗೊಳಿಸಿ ಹುಡುಕುವ ಪಿಸಿಆರ್‌ನಂಥ ಸೂಕ್ಷ್ಮ ಪರೀಕ್ಷೆ ತೊಟ್ಟಿಯ ವೈರಸ್ ಬಿಟ್ಟು ನಿಮ್ಮ ಕೈಯ ವೈರಸ್ಸನ್ನು ತೋರಿಸುತ್ತದೆ.

ಸತ್ತ ಮರಿ ಬೇಡ. ಸುತ್ತುತ್ತಿರುವ, ತೇಲುತ್ತಿರುವ, ಇನ್ನೂ ಜೀವವಿರುವ ಮರಿಗಳೇ ಬೇಕು. 29 ಡಿಗ್ರಿಯಲ್ಲಿ ಸತ್ತ ಮರಿಯ ಮಿದುಳು ಒಂದೆರಡು ಗಂಟೆಯಲ್ಲಿ ಕೊಳೆತು ಅಂಗಾಂಶ ಪರೀಕ್ಷೆಗೆ ಬಾರದಾಗುತ್ತದೆ. ಪ್ರತಿ ತೊಟ್ಟಿಯಿಂದ 30 ಮರಿ, ಐದೈದರ ಆರು ಗುಂಪಾಗಿ, ಮಾದರಿಯ ಹತ್ತು ಪಟ್ಟು ಗಾತ್ರದ, ಮೊಟ್ಟೆಗೆ ಬಳಸಿದಂಥದೇ ಕಾಪಾಡುವ ದ್ರಾವಣದಲ್ಲಿ. ಇನ್ನೊಂದು 30 ಮರಿ ಶೇ. 10ರ ತಟಸ್ಥ ಫಾರ್ಮಲಿನ್‌ನಲ್ಲಿ, ಅದೂ ಹತ್ತು ಪಟ್ಟು. ಇಷ್ಟು ಚಿಕ್ಕ ಮರಿಯನ್ನು ಇಡಿಯಾಗಿಯೇ ಕೊಡುವುದು; ಬೆರಳುದ್ದ ಬೆಳೆದ ಮೇಲೆ ಮಿದುಳು ಮತ್ತು ಕಣ್ಣು ಸಾಕು. ಕಣ್ಣಿನ ಕಪ್ಪು ಬಣ್ಣವಾದ ಮೆಲನಿನ್ ಪಿಸಿಆರ್ ಅನ್ನು ಅಡ್ಡಗಟ್ಟಬಲ್ಲದು. ಆದ್ದರಿಂದ ವೈರಸ್ ಇಲ್ಲ ಎಂದು ವರದಿ ಬಂದರೆ, ಪರೀಕ್ಷೆಯೇ ಕೆಲಸ ಮಾಡಿದೆ ಎಂಬುದಕ್ಕೆ ಒಳನಿಯಂತ್ರಣ ಇತ್ತೇ ಎಂದು ಪ್ರಯೋಗಾಲಯವನ್ನು ಕೇಳಬೇಕು.

ಫಲಿತಾಂಶ ಮತ್ತು ಅದನ್ನು ಓದಿದ ರೀತಿ

ದಿನ 3ರ ಮಧ್ಯಾಹ್ನ ಆರ್‌ಟಿ-ಪಿಸಿಆರ್ ಫಲಿತಾಂಶ ಬಂತು. ಸಿಟಿ ಮೌಲ್ಯ 2ನೇ ತೊಟ್ಟಿಯಲ್ಲಿ 15, 5ರಲ್ಲಿ 16. 6ನೆಯದರಲ್ಲಿ 24, 1ರಲ್ಲಿ 29, 3ರಲ್ಲಿ 31. 4ನೇ ತೊಟ್ಟಿಯ ಆರು ಗುಂಪುಗಳಲ್ಲಿ ಒಂದರಲ್ಲಿ ಮಾತ್ರ 36. ಉಳಿದ ಐದರಲ್ಲಿ ಏನೂ ಕಾಣಲಿಲ್ಲ. ವೈರಸ್ಸಿನ ಹೊರಕವಚದ ಪ್ರೋಟೀನಿಗೆ ಸಂಕೇತವಿರುವ ಆರ್‌ಎನ್‌ಎ-2 ತುಣುಕನ್ನು ಓದಿಸಿದಾಗ ಇದು ಆರ್‌ಜಿಎನ್‌ಎನ್‌ವಿ ಬಗೆಯೆಂದು ತಿಳಿಯಿತು. 25ರಿಂದ 30 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುವ, ಬೆಚ್ಚಗಿನ ನೀರಿನ ಬಗೆ ಇದು.

ಸಿಟಿ ಎಂದರೆ ವೈರಸ್ಸಿನ ಗುರುತು ಕಾಣಿಸುವ ಮಟ್ಟಕ್ಕೆ ಬರಲು ಅದನ್ನು ಎಷ್ಟು ಸುತ್ತು ದ್ವಿಗುಣಗೊಳಿಸಬೇಕಾಯಿತು ಎಂಬ ಲೆಕ್ಕ. ಅಂಕಿ ಚಿಕ್ಕದಾದಷ್ಟೂ ವೈರಸ್ ಹೆಚ್ಚು. ಸುಮಾರು 3.3 ಸುತ್ತಿನ ಅಂತರ ಹತ್ತು ಪಟ್ಟಿಗೆ ಸಮ. 15ಕ್ಕೂ 36ಕ್ಕೂ ನಡುವಿನ 21 ಸುತ್ತು ಎಂದರೆ 20 ಲಕ್ಷ ಪಟ್ಟಿಗೂ ಹೆಚ್ಚಿನ ವ್ಯತ್ಯಾಸ. ಎರಡನ್ನೂ ‘ಪಾಸಿಟಿವ್’ ಎಂದು ಬರೆದು ಕೈತೊಳೆದುಕೊಳ್ಳುವ ವರದಿಯಿಂದ ಹ್ಯಾಚರಿಗೆ ಉಪಯೋಗವಿಲ್ಲ. ಅಂಕಿಯನ್ನು ಕೇಳಿ ಪಡೆಯಬೇಕು. ಅಂಗಾಂಶ ಪರೀಕ್ಷೆಯಲ್ಲಿ 2 ಮತ್ತು 5ನೇ ತೊಟ್ಟಿಯ ಮರಿಗಳ ಮಿದುಳು, ರೆಟಿನಾ ಎರಡರಲ್ಲೂ ತೂತುತೂತಾದ ಕುಹರಗಳು ಕಂಡವು. ವೈರಸ್ ಇದೆ ಎನ್ನುವುದು ಪಿಸಿಆರ್, ಸಾಯಿಸುತ್ತಿರುವುದು ಅದೇ ಎನ್ನುವುದು ಈ ಕುಹರಗಳು.

ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ತೊಟ್ಟಿಗಳ ಕ್ರಮವನ್ನು ಈಗ ನೋಡಬೇಕು. ಸೋಂಕು ಬಂದದ್ದು ನೀರಿನಿಂದ ಎಂದಾದರೆ ಆರೂ ತೊಟ್ಟಿಗಳಿಗೆ ಹೋದದ್ದು ಒಂದೇ ನೀರು. ಮರಿಗಳಿಗೆ ಜೀವಂತ ಆಹಾರವಾಗಿ ಕೊಡುವ ಪುಟ್ಟ ಜಲಜೀವಿಗಳಾದ ರೋಟಿಫರ್, ಆರ್ಟೀಮಿಯಾಗಳಿಂದ ಎಂದಾದರೆ ಅವೂ ಒಂದೇ ತೊಟ್ಟಿಯಿಂದ ಎಲ್ಲಕ್ಕೂ ಹೋಗುತ್ತಿದ್ದವು. ಆದರೂ ಬೇರೆ ಬೇರೆ ಕೋಣೆಗಳಲ್ಲಿದ್ದು, ಬೇರೆ ಬೇರೆ ಜನ ನೋಡಿಕೊಳ್ಳುತ್ತಿದ್ದ ಎರಡು ತೊಟ್ಟಿಗಳು ಒಂದೇ ಬೆಳಿಗ್ಗೆ, ಒಂದೇ ವಯಸ್ಸಿನಲ್ಲಿ ಕೆಟ್ಟವು. ಪಕ್ಕದಲ್ಲೇ ಇದ್ದ ಉಳಿದವು ಅಂದು ಚೆನ್ನಾಗಿದ್ದವು. ಆ ಎರಡಕ್ಕೆ ಮಾತ್ರ ಸಮಾನವಾದದ್ದು ಒಂದೇ: ಎ ಗುಂಪಿನ ನಾಲ್ಕನೇ ರಾತ್ರಿಯ ಮೊಟ್ಟೆ.

ಫ್ರೀಜರಿನಲ್ಲಿದ್ದ ಮೊಟ್ಟೆಗಳನ್ನು ತೆಗೆದು ಪರೀಕ್ಷಿಸಲಾಯಿತು. ಮೊದಲ ರಾತ್ರಿಯ ಮೊಟ್ಟೆಯಲ್ಲಿ ವೈರಸ್ ಕಾಣಲಿಲ್ಲ, ಬಿ ಗುಂಪಿನದರಲ್ಲೂ ಇಲ್ಲ. ನಾಲ್ಕನೇ ರಾತ್ರಿಯದರಲ್ಲಿ ಸಿಟಿ 27. ಅರ್ಧ ಮಿ.ಲೀ. ಮೊಟ್ಟೆಯಲ್ಲಿ ಕಾಣದಿದ್ದರೆ ಲಕ್ಷಾಂತರ ಮೊಟ್ಟೆಗಳಲ್ಲಿ ಒಂದರಲ್ಲೂ ಇಲ್ಲವೆಂದು ಹೇಳಲಾಗದು. ಆದರೆ ಮೊದಲ ರಾತ್ರಿಯ ಮರಿಗಳು ಮೂರು ದಿನ ದೊಡ್ಡವಾಗಿದ್ದೂ ತಡವಾಗಿ ಬಿದ್ದದ್ದು ಈ ಫಲಿತಾಂಶಕ್ಕೆ ಹೊಂದುತ್ತದೆ. ಅದೇ ತಾಯಿಮೀನು, ಮೊದಲ ರಾತ್ರಿ ಇಲ್ಲದ ವೈರಸ್ ನಾಲ್ಕನೇ ರಾತ್ರಿ ಹೇಗೆ ಬಂತು? ಮಿದುಳು, ರೆಟಿನಾಗಳಲ್ಲಿ ಅಡಗಿ ಕುಳಿತ ವೈರಸ್ ಮೀನು ದಣಿದಾಗ ಜನನಾಂಗಗಳ ಕಡೆ ಇಳಿಯುತ್ತದೆ. ಒಂದೇ ಋತುವಿನಲ್ಲಿ ಮತ್ತೆ ಮತ್ತೆ ಮೊಟ್ಟೆಯಿಡಿಸಿದಷ್ಟೂ ಮೊಟ್ಟೆಗಳಲ್ಲಿ ವೈರಸ್ ಹೆಚ್ಚುವುದನ್ನು ಸ್ಟ್ರೈಪ್ಡ್ ಜ್ಯಾಕ್ ಮೀನಿನಲ್ಲಿ ಜಪಾನಿನ ಸಂಶೋಧಕರು 1990ರ ದಶಕದಲ್ಲೇ ತೋರಿಸಿದ್ದರು.

ಉಳಿದ ತೊಟ್ಟಿಗಳಿಗೆ ಹಬ್ಬಿದ್ದು ಪಕ್ಕದಿಂದ. 6ನೇ ತೊಟ್ಟಿ ದಿನ 3ರಂದು ಬಿತ್ತು. ಅದಕ್ಕೂ 5ಕ್ಕೂ ಒಂದೇ ಸೈಫನ್. 1 ಮತ್ತು 3 ದಿನ 4ರಂದು ಬಿದ್ದವು. 2ನೆಯದರ ಎರಡು ಬದಿಗೆ ಇದ್ದದ್ದು ಅವೇ. 4ನೆಯದರಲ್ಲಿ ಮರಿ ಕಡಿಮೆಯಿದ್ದುದರಿಂದ ಸಾವೂ ಕಡಿಮೆ, ಸೈಫನ್ ಹಾಕಿದ್ದೂ ಅಪರೂಪ.

ಕೊಲ್ಲುವ ತೀರ್ಮಾನ

ಇದಕ್ಕೆ ಔಷಧವಿಲ್ಲ. ಲಸಿಕೆ ಇದ್ದರೂ ಅದು ಚುಚ್ಚುಮದ್ದು, ಹತ್ತಾರು ಗ್ರಾಂ ತೂಗುವ ಮೀನಿಗೆ. ಹನ್ನೊಂದು ದಿನದ ಮರಿಗೆ ಸೂಜಿ ಹಾಕುವ ಜಾಗವೂ ಇಲ್ಲ, ಲಸಿಕೆಗೆ ಸ್ಪಂದಿಸುವಷ್ಟು ಬಲಿತ ರೋಗನಿರೋಧಕ ವ್ಯವಸ್ಥೆಯೂ ಇಲ್ಲ. ಉಷ್ಣಾಂಶ ಇಳಿಸಿದರೆ ವೈರಸ್ ನಿಧಾನವಾಗುತ್ತದೆ, ಮರಿಯ ಬೆಳವಣಿಗೆಯೂ ಅಷ್ಟೇ ನಿಧಾನವಾಗುತ್ತದೆ. 2 ಮತ್ತು 5ನೇ ತೊಟ್ಟಿಗಳಲ್ಲಿ ಉಳಿದಿದ್ದ ಒಂದೊಂದು ಮರಿಯೂ ಉಳಿದ ತೊಟ್ಟಿಗಳಿಗೆ ವೈರಸ್ ಉತ್ಪಾದಿಸುತ್ತಿತ್ತು. ವರದಿ ಬಂದ ದಿನ 3ರ ಸಂಜೆಯೇ ಅವೆರಡನ್ನೂ ನಾಶಮಾಡಲಾಯಿತು. ಲಕ್ಷಣ ಕಂಡ ದಿನವೇ ಈ ತೊಟ್ಟಿಗಳನ್ನು ಮುಟ್ಟದೆ ಮುಚ್ಚಿಟ್ಟಿದ್ದರೆ 1, 3, 6 ಉಳಿಯುವ ಸಾಧ್ಯತೆ ಸಾಕಷ್ಟಿತ್ತು. ವರದಿ ಬರುವ ತನಕ ಕಾಯಲೇಬೇಕು ಎಂಬ ವಾದಕ್ಕೆ ಇಲ್ಲಿ ಬೆಲೆಯಿಲ್ಲ: ಪ್ರತ್ಯೇಕಿಸಲು ರೋಗದ ಹೆಸರು ಬೇಕಿಲ್ಲ, ಕೊಲ್ಲಲು ಬೇಕು.

ನಾಶದ ಕ್ರಮ ಹೀಗೆ. ಹೊರಹರಿವನ್ನು ಚರಂಡಿಯಿಂದ ಬಿಡಿಸಿ ಖಾಲಿ ಗುಂಡಿತೊಟ್ಟಿಗೆ ತಿರುಗಿಸಿ, 300 ಮೈಕ್ರಾನ್ ಜರಡಿಯ ಮೂಲಕ ನೀರನ್ನು 1,000 ಲೀಟರಿಗೆ ಇಳಿಸುವುದು. ಲವಂಗದ ಎಣ್ಣೆ 100 ಮಿ.ಲೀ. ಅನ್ನು ಬಿಸಿನೀರಿನ ಬಾಟಲಿಯಲ್ಲಿ ಚೆನ್ನಾಗಿ ಕುಲುಕಿ ಸುರಿಯುವುದು. ಕುಲುಕದಿದ್ದರೆ ಎಣ್ಣೆ ಮೇಲೇ ತೇಲಿ ತಳದ ಮರಿಗಳಿಗೆ ತಲುಪದು. ಅರ್ಧ ಗಂಟೆಯ ನಂತರ ಉಳಿದದ್ದನ್ನೂ ಜರಡಿಯ ಮೇಲೆ ಹರಿಸಿ, ಮರಿಗಳನ್ನು ಸುಟ್ಟ ಸುಣ್ಣದೊಂದಿಗೆ ನೀರಿನ ಮೂಲಗಳಿಂದ ದೂರ ಹೂಳುವುದು. ಸುಣ್ಣ ಪಿಎಚ್ ಅನ್ನು 12ರ ಆಸುಪಾಸಿಗೆ ಏರಿಸುತ್ತದೆ, ಆ ಮಟ್ಟದಲ್ಲಿ ಈ ವೈರಸ್ ಉಳಿಯದು.

ನೀರಿಗೆ ಕ್ಲೋರಿನ್. ಶುದ್ಧ ನೀರಿನಲ್ಲಿ 50 ಪಿಪಿಎಂ (ಲೀಟರಿಗೆ 50 ಮಿ.ಗ್ರಾಂ) ಹತ್ತು ನಿಮಿಷಕ್ಕೆ ವೈರಸ್ಸನ್ನು ನಿಷ್ಕ್ರಿಯಗೊಳಿಸುತ್ತದೆ. ತೊಟ್ಟಿಯ ನೀರು ಶುದ್ಧವಲ್ಲ. ಹಿಕ್ಕೆ, ಉಳಿದ ಆಹಾರ, ಪಾಚಿ, ಈಗ ಸೇರಿಸಿದ ಲವಂಗದ ಎಣ್ಣೆಯೂ ಕ್ಲೋರಿನ್ನನ್ನು ತಿನ್ನುತ್ತವೆ. ಆದ್ದರಿಂದ 200 ಪಿಪಿಎಂ ಲೆಕ್ಕ. 5,000 ಲೀಟರಿಗೆ 1 ಕಿಲೋ ಕ್ರಿಯಾಶೀಲ ಕ್ಲೋರಿನ್ ಬೇಕು. ಶೇ. 30ರ ಬ್ಲೀಚಿಂಗ್ ಪೌಡರ್ ಆದರೆ 3.3 ಕಿಲೋ, ಶೇ. 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ 1.5 ಕಿಲೋಗಿಂತ ಸ್ವಲ್ಪ ಹೆಚ್ಚು. ಹಳೆಯ ಚೀಲದ ಬ್ಲೀಚಿಂಗ್ ಪೌಡರಿನಲ್ಲಿ ಶೇ. 30 ಇರುವುದೇ ಇಲ್ಲ, ತೇವ ತಗುಲಿದರೆ ಅರ್ಧಕ್ಕೂ ಇಳಿದಿರುತ್ತದೆ. ಹಾಕಿದ ಲೆಕ್ಕವನ್ನು ನಂಬದೆ ಒಂದು ಗಂಟೆಯ ನಂತರ ಉಳಿಕೆ ಕ್ಲೋರಿನ್ ಅಳೆದು, 50ಕ್ಕಿಂತ ಕೆಳಗಿದ್ದರೆ ಮತ್ತೆ ಹಾಕಬೇಕು. ಸಮುದ್ರದ ನೀರಿನಲ್ಲಿ ಕ್ಲೋರಿನ್ ಬ್ರೋಮೈಡ್ ಜೊತೆ ವರ್ತಿಸಿ ಹೈಪೋಬ್ರೋಮಸ್ ಆಮ್ಲವಾಗುವುದರಿಂದ, ಕಿಟ್ ತೋರಿಸುವುದು ಒಟ್ಟು ಆಕ್ಸಿಡೆಂಟ್. ಕೆಲಸಕ್ಕೆ ಅದು ಸಾಕು.

24 ಗಂಟೆಯ ನಂತರ ಹೊರಬಿಡುವ ಮುಂಚೆ ಉಳಿದ ಕ್ಲೋರಿನ್ನಿನ ಏಳು ಪಟ್ಟು ತೂಕದ ಸೋಡಿಯಂ ಥಯೋಸಲ್ಫೇಟ್ ಹಾಕಬೇಕು. ಉಳಿಕೆ 30 ಪಿಪಿಎಂ ಇದ್ದರೆ 5,000 ಲೀಟರಿನಲ್ಲಿರುವುದು 150 ಗ್ರಾಂ ಕ್ಲೋರಿನ್, ಅದಕ್ಕೆ ಸುಮಾರು 1 ಕಿಲೋ ಥಯೋಸಲ್ಫೇಟ್. ಖಾಲಿ ತೊಟ್ಟಿಯನ್ನು ಮೊದಲು ಸೋಪಿನಿಂದ ಉಜ್ಜಿ ಲೋಳೆ ತೆಗೆದು ಆಮೇಲೆ ಕ್ಲೋರಿನ್ ಬಳಿಯಬೇಕು, ಕೊನೆಗೆ ಒಣಗಿಸಬೇಕು. ಲೋಳೆಯ ಮೇಲೆ ಸುರಿದ ಕ್ಲೋರಿನ್ ಲೋಳೆಗೇ ಮುಗಿಯುತ್ತದೆ. ಗಾಳಿಯ ಕಲ್ಲು ಮತ್ತು ಅದರ ಕೊಳವೆಗಳನ್ನು ಉಳಿಸಿಕೊಳ್ಳುವುದಕ್ಕಿಂತ ಎಸೆಯುವುದೇ ಸುಲಭ. ಆಮ್ಲದಿಂದ ತೊಳೆಯುವ ರೂಢಿಯಿದ್ದಲ್ಲಿ ಎರಡನ್ನೂ ಒಂದೇ ದಿನ ಮುಟ್ಟಬಾರದು. ಆಮ್ಲ ಮತ್ತು ಹೈಪೋಕ್ಲೋರೈಟ್ ಕೂಡಿದರೆ ಹೊರಬರುವುದು ಕ್ಲೋರಿನ್ ಅನಿಲ.

1, 3 ಮತ್ತು 6

6ನ್ನು ದಿನ 4ರಂದು ನಾಶಮಾಡಲಾಯಿತು. 1 ಮತ್ತು 3ನ್ನು ಉಳಿಸಿಕೊಳ್ಳಲು ನೋಡಿದರು. ಮರಿಗಳನ್ನು ಲೀಟರಿಗೆ 15ಕ್ಕೆ ಇಳಿಸಿದರು, ಗಾತ್ರ ನೋಡಿ ವಿಂಗಡಿಸುವ ಕೆಲಸ ನಿಲ್ಲಿಸಿದರು, ನೀರಿನ ಬದಲಾವಣೆ ಹೆಚ್ಚಿಸಿದರು. ಕಡಿಮೆ ಸಾಂದ್ರತೆ ಒಳ್ಳೆಯ ಮುನ್ನೆಚ್ಚರಿಕೆ ಎಂಬುದರಲ್ಲಿ ಅನುಮಾನವಿಲ್ಲ. ಬಾರಾಮುಂಡಿ (ಇದೇ ಸೀಬಾಸ್‌ಗೆ ಆಸ್ಟ್ರೇಲಿಯಾದಲ್ಲಿರುವ ಹೆಸರು) ಹ್ಯಾಚರಿಗಳಲ್ಲಿ ಲೀಟರಿಗೆ 30ಕ್ಕೂ ಹೆಚ್ಚಿದ್ದುದನ್ನು 15ಕ್ಕಿಂತ ಕೆಳಗಿಳಿಸಿ, ಬಳಸಿದ ನೀರನ್ನು ಮತ್ತೆ ತಿರುಗಿಸುವುದನ್ನು ಬಿಟ್ಟು, ಒಳಬರುವ ನೀರನ್ನು ರಾಸಾಯನಿಕದಿಂದ ಶುದ್ಧಗೊಳಿಸಿದ್ದು ಈ ರೋಗದ ಹತೋಟಿಗೆ ಆಸ್ಟ್ರೇಲಿಯಾದಲ್ಲಿ ಮೊದಲು ಕಂಡುಕೊಂಡ ದಾರಿ. ಆದರೆ ಅದು ಸೋಂಕು ಬರುವ ಮುಂಚಿನ ಮಾತು. ಇಲ್ಲಿ ಮರಿ ಇಳಿಸುವುದಕ್ಕೆಂದು ಬಲೆ ಹಾಕಿದ್ದೇ ಮರಿಗಳಿಗೆ ಇನ್ನೊಂದು ಪೆಟ್ಟಾಯಿತು. ಹತ್ತು ದಿನ ಕಳೆದ ಮೇಲೆ 1ರಲ್ಲಿ ಶೇ. 6, 3ರಲ್ಲಿ ಶೇ. 9 ಉಳಿದಿದ್ದವು.

ಉಳಿದವು ನೋಡಲು ಚೆನ್ನಾಗಿದ್ದವು, ತಿನ್ನುತ್ತಿದ್ದವು, ಓಡಾಡುತ್ತಿದ್ದವು. ಅಪಾಯ ಇರುವುದು ಇಂಥವುಗಳಲ್ಲೇ. ಬದುಕುಳಿದ ಮೀನಿನ ಮಿದುಳಿನಲ್ಲಿ ವೈರಸ್ ದೀರ್ಘಕಾಲ ಇರುತ್ತದೆ. ಅವುಗಳನ್ನು ಮಾರಿದರೆ ರೋಗ ಪಂಜರಕ್ಕೂ ಕೊಳಕ್ಕೂ ಹೋಗುತ್ತದೆ, ಅವುಗಳಲ್ಲಿ ಒಂದು ದೊಡ್ಡದಾಗಿ ತಾಯಿಮೀನಾದರೆ ಕೆಲವು ವರ್ಷಗಳ ನಂತರ ಇದೇ ಕತೆ. ಎರಡೂ ತೊಟ್ಟಿಗಳನ್ನು ಕೊನೆಗೆ ನಾಶಮಾಡಿದರು.

4ನೇ ತೊಟ್ಟಿಯ ತಲೆನೋವು

ಈ ತೊಟ್ಟಿ ಕಾಯಿಲೆ ಬೀಳಲೇ ಇಲ್ಲ. ಸಿಟಿ 36 ಎಂಬ ಒಂದೇ ಒಂದು ಅಂಕಿ ಮಾತ್ರ ಕೈಯಲ್ಲಿತ್ತು. ನಿಜವಾದ ಸೋಂಕೋ, ಮಾದರಿ ತೆಗೆಯುವಾಗ ತಗುಲಿದ್ದೋ, ನೀರಿನಲ್ಲಿ ತೇಲಿಬಂದು ಮೈಗೆ ಅಂಟಿದ್ದೋ? ಒಂದು ಅಂಕಿಯಿಂದ ಹೇಳಲಾಗದು. ಹೆಚ್ಚು ಮರಿಗಳನ್ನು ಪರೀಕ್ಷಿಸುವುದೊಂದೇ ದಾರಿ.

ಎಷ್ಟು ಮರಿ ಎಂಬುದಕ್ಕೆ ಲೆಕ್ಕವಿದೆ. ದೊಡ್ಡ ಗುಂಪಿನಲ್ಲಿ ನೂರಕ್ಕೆ 10 ಮರಿ ಸೋಂಕಿತವಾಗಿದ್ದರೆ ಶೇ. 95ರ ಭರವಸೆಯಿಂದ ಒಂದನ್ನಾದರೂ ಹಿಡಿಯಲು 30 ಮರಿ ಸಾಕು. ನೂರಕ್ಕೆ 5 ಆದರೆ 60. ನೂರಕ್ಕೆ 2 ಆದರೆ 150. ಲಕ್ಷಣ ತೋರಿಸುವ ತೊಟ್ಟಿಯಲ್ಲಿ 30 ಸಾಕಾಗುವುದು, ಆರೋಗ್ಯವಾಗಿ ಕಾಣುವ ತೊಟ್ಟಿಗೆ 150 ಬೇಕಾಗುವುದು ಇದರಿಂದಲೇ. ನಾಲ್ಕು ವಾರಗಳ ನಂತರ 150 ಮರಿಗಳ ಮಿದುಳು ಮತ್ತು ಕಣ್ಣುಗಳನ್ನು ಐದೈದರ 30 ಗುಂಪುಗಳಾಗಿ ಪರೀಕ್ಷಿಸಿದಾಗ ಎರಡು ಗುಂಪುಗಳಲ್ಲಿ ಸಿಟಿ 33 ಬಂತು. ಅಂಟಿದ್ದ ವೈರಸ್ ಇಷ್ಟು ದಿನವಾದ ಮೇಲೂ ಮಿದುಳಿನಲ್ಲಿ ಇರಲಾರದು. ಸೋಂಕು ಇತ್ತು, ರೋಗವಾಗಿ ಎದ್ದಿರಲಿಲ್ಲ.

ಮರಿಯಾಗಿ ಒಂದನ್ನೂ ಹೊರಗೆ ಕಳುಹಿಸಲಿಲ್ಲ. ಹ್ಯಾಚರಿಯ ಕಟ್ಟಡದಿಂದ ದೂರದ, ಹೊರಬಿಡುವ ನೀರಿಗೆ ಕ್ಲೋರಿನ್ ಹಾಕುವ ಏರ್ಪಾಡಿರುವ ತೊಟ್ಟಿಗಳಲ್ಲಿ ತಿನ್ನುವ ಗಾತ್ರಕ್ಕೆ ಬೆಳೆಸಿ, ಇಡಿಯಾಗಿ ಹಿಡಿದು ಖಾಲಿ ಮಾಡುವುದೆಂದು ನಿರ್ಧಾರವಾಯಿತು. ಈ ವೈರಸ್ ಮನುಷ್ಯರಿಗೆ ಕಾಯಿಲೆ ತರುವುದಿಲ್ಲ, ಹಾಗಾಗಿ ಅದಕ್ಕೆ ಅಡ್ಡಿಯಿರಲಿಲ್ಲ. ಇಲ್ಲಿ ಇನ್ನೊಂದು ಅಭಿಪ್ರಾಯಕ್ಕೂ ಅವಕಾಶವಿದೆ. ದೂರದ ತೊಟ್ಟಿ, ಬೇರೆ ಕೆಲಸಗಾರ, ಹೊರಬಿಡುವ ನೀರಿನ ಶುದ್ಧೀಕರಣ ಈ ಮೂರರಲ್ಲಿ ಒಂದು ಇಲ್ಲದಿದ್ದರೂ ನಾಶಮಾಡುವುದೇ ಸರಿ.

ಮುಂದಿನ ಸರದಿಗೆ ಬದಲಾದದ್ದು

ಎ ಗುಂಪಿನ ಎಲ್ಲ ಮೀನುಗಳಿಗೂ ಗುರುತಿನ ಚಿಪ್ ಹಾಕಲಾಯಿತು. ಯಾವ ಹೆಣ್ಣಿನ ಮೊಟ್ಟೆ ಎಂದು ತಿಳಿಯದೆ ಯಾವ ಪರೀಕ್ಷೆಯೂ ಪ್ರಯೋಜನಕ್ಕೆ ಬಾರದು. ತೆಳು ಕೊಳವೆಯಿಂದ ಹೀರಿದ ಮೊಟ್ಟೆ ಅಥವಾ ವೀರ್ಯಕ್ಕೆ ಪಿಸಿಆರ್, ರಕ್ತಕ್ಕೆ ಪ್ರತಿಕಾಯ ಹುಡುಕುವ ಎಲಿಸಾ ಪರೀಕ್ಷೆ. ಎಲಿಸಾದಲ್ಲಿ ಪ್ರತಿಕಾಯ ಕಂಡರೆ ಆ ಮೀನು ಎಂದಾದರೂ ವೈರಸ್ಸನ್ನು ಕಂಡಿದೆ ಎಂದು ಮಾತ್ರ ಅರ್ಥ, ಇಂದು ಸೂಸುತ್ತಿದೆ ಎಂದಲ್ಲ. ಪಿಸಿಆರ್‌ನಲ್ಲಿ ಕಾಣದಿದ್ದರೆ ಇಂದು ಸೂಸುತ್ತಿಲ್ಲ ಎಂದರ್ಥ, ನಾಳೆಯ ಮಾತು ಬೇರೆ. ಅದಕ್ಕೇ ತಾಯಿಮೀನನ್ನು ಒಮ್ಮೆ ಪರೀಕ್ಷಿಸಿ ಸುಮ್ಮನಾಗುವಂತಿಲ್ಲ. ಪ್ರತಿ ರಾತ್ರಿಯ ಮೊಟ್ಟೆಯನ್ನೂ ಪರೀಕ್ಷಿಸಬೇಕು. ಸೀಬಾಸ್ ಮೊಟ್ಟೆ ಒಡೆಯಲು 28–30 ಡಿಗ್ರಿಯಲ್ಲಿ 15ರಿಂದ 18 ಗಂಟೆ ಸಾಕು, ವರದಿ ಅಷ್ಟರೊಳಗೆ ಬರುವುದಿಲ್ಲ. ಹಾಗಾಗಿ ಪ್ರತಿ ರಾತ್ರಿಯ ಮೊಟ್ಟೆಗೂ ಬೇರೆ ತೊಟ್ಟಿ, ವರದಿ ಬರುವ ತನಕ ಬೇರೆ ಸಾಮಾನು. ಹಾರ್ಮೋನ್ ಕೊಟ್ಟ ಮೇಲೆ ಮೊದಲ ಎರಡು ರಾತ್ರಿಯವನ್ನು ಮಾತ್ರ ಬಳಸುವುದು.

ಮೊಟ್ಟೆಯನ್ನು ಓಝೋನ್ ನೀರಿನಲ್ಲಿ ತೊಳೆಯುವುದನ್ನೂ ಸೇರಿಸಿಕೊಂಡರು. ಹ್ಯಾಲಿಬಟ್ ಮೀನಿನ ಮೊಟ್ಟೆಗಳಲ್ಲಿ ಲೀಟರಿಗೆ 4 ಮಿ.ಗ್ರಾಂ ಓಝೋನ್ 30 ಸೆಕೆಂಡು ಕೊಟ್ಟು ನೋಡಾವೈರಸ್ಸನ್ನು ತಡೆದದ್ದು ದಾಖಲಾಗಿದೆ. ಸೀಬಾಸ್ ಮೊಟ್ಟೆ ಚಿಕ್ಕದು, ಬೇಗ ಒಡೆಯುವಂಥದು. ಅದೇ ಅಂಕಿಯನ್ನು ಎತ್ತಿಕೊಳ್ಳುವಂತಿಲ್ಲ. ಪ್ರಮಾಣ ಮೀರಿದರೆ ಮೊಟ್ಟೆಯ ಹೊರಪೊರೆ ಗಡುಸಾಗಿ ಮರಿ ಒಳಗೇ ಸಾಯುತ್ತದೆ. ಕಡಿಮೆ ಪ್ರಮಾಣದಿಂದ ಹಿಡಿದು ಒಂದೊಂದೇ ಮೆಟ್ಟಿಲು ಏರಿಸಿ, ನೂರು ನೂರು ಮೊಟ್ಟೆಗಳ ಬೀಕರುಗಳಲ್ಲಿ ಒಡೆಯುವ ಪ್ರಮಾಣ ನೋಡಿಕೊಂಡು ನಿಗದಿ ಮಾಡಬೇಕು. ಹೊರಮೈಗೆ ಅಂಟಿದ ವೈರಸ್ ಇದರಿಂದ ಹೋಗುತ್ತದೆ, ಮೊಟ್ಟೆಯೊಳಗಿನದು ಹೋಗುವುದಿಲ್ಲ. ಪರೀಕ್ಷೆಯ ಬದಲಿಗೆ ತೊಳೆಯುವುದನ್ನು ಇಟ್ಟುಕೊಂಡವರು ಮೋಸಹೋಗುತ್ತಾರೆ.

ನೀರಿನ ದೋಷ ಈ ಸಲದ್ದಲ್ಲದಿದ್ದರೂ ಅದನ್ನೂ ಸರಿಪಡಿಸಲಾಯಿತು. ಯುವಿ ಕೊಡುತ್ತಿದ್ದದ್ದು ಚದರ ಸೆಂ.ಮೀ.ಗೆ 30 ಮಿಲಿಜೂಲ್. ವಿಬ್ರಿಯೋಗೆ ಅದು ಸಾಕು. ನೋಡಾವೈರಸ್ಸಿನ ಶೇ. 99.9ರಷ್ಟನ್ನು ಕೊಲ್ಲಲು ಸುಮಾರು 105 ಮಿಲಿಜೂಲ್ ಬೇಕು, ಅದೂ ತಿಳಿನೀರಿನಲ್ಲಿ. ದೀಪ ಹಳತಾದಂತೆ, ಗಾಜಿನ ಕೊಳವೆಗೆ ಕಲೆ ಕೂತಂತೆ ಪ್ರಮಾಣ ಇಳಿಯುವುದರಿಂದ ಅದಕ್ಕಿಂತ ಹೆಚ್ಚೇ ಇಟ್ಟುಕೊಳ್ಳುವುದು ಒಳ್ಳೆಯದು. ಹೊಸ ದೀಪ ತರುವುದಕ್ಕಿಂತ ಹರಿವನ್ನು ಕಾಲು ಭಾಗಕ್ಕೆ ಇಳಿಸಿ 120 ಮಿಲಿಜೂಲ್ ಪಡೆಯುವುದು ಅಗ್ಗ; ನೀರಿನ ಬದಲಾವಣೆ ಅಷ್ಟು ಕಡಿಮೆಯಾದರೆ ಅಮೋನಿಯಾ ತಡೆದುಕೊಳ್ಳುವಷ್ಟು ಮರಿಯನ್ನೇ ಬಿಡಬೇಕಾಗುತ್ತದೆ. ಹೇಗೂ ಸಾಂದ್ರತೆಯನ್ನು 15ಕ್ಕೆ ಇಳಿಸಿದ್ದರಿಂದ ಎರಡೂ ಹೊಂದಿಕೊಂಡವು.

ತಾಯಿಮೀನುಗಳಿಗೆ ಕರಗಿಸಿದ ಸಮುದ್ರಮೀನು ನಿಂತು, ಒಣ ಆಹಾರದ ಗುಳಿಗೆ ಬಂತು. ಫ್ರೀಜರ್ ಪರಾವಲಂಬಿಗಳನ್ನು ಕೊಲ್ಲಬಹುದು, ಈ ವೈರಸ್ಸನ್ನು ಕಾಪಾಡುತ್ತದೆ. ಗುಳಿಗೆಗೆ ಒಗ್ಗದ ಮೀನುಗಳಿಗೆ ಬೇಯಿಸಿದ ಮೀನು ಕೊಟ್ಟರು; 60 ಡಿಗ್ರಿಯಲ್ಲಿ ಅರ್ಧ ಗಂಟೆ ವೈರಸ್ಸಿಗೆ ಸಾಕು, ಆದರೆ ಆ ಉಷ್ಣಾಂಶ ತುಂಡಿನ ನಡುಭಾಗಕ್ಕೆ ತಲುಪಿರಬೇಕು. ಸೈಫನ್, ಬಲೆ, ಮಗ್ಗುಗಳಿಗೆ ತೊಟ್ಟಿಯ ಸಂಖ್ಯೆ ಬರೆದು ಆಯಾ ತೊಟ್ಟಿಯ ಮೇಲೇ ನೇತುಹಾಕಲಾಯಿತು. ದಿನದ ಓಡಾಟ ಜೀವಂತ ಆಹಾರದ ಕೋಣೆಯಿಂದ ಎಳೆಯ ಮರಿ, ಅಲ್ಲಿಂದ ದೊಡ್ಡ ಮರಿ, ಕೊನೆಗೆ ತಾಯಿಮೀನು. ಹಿಮ್ಮುಖವಾಗಿ ಬರುವುದಾದರೆ ಮೈತೊಳೆದು ಬಟ್ಟೆ ಬದಲಿಸಬೇಕು.

ಮುಂದಿನ ಸರದಿಯಲ್ಲಿ ಐದು ಹೆಣ್ಣುಗಳಿಂದ ಮೊಟ್ಟೆ ಬಂತು. ನಾಲ್ಕರಲ್ಲಿ ವೈರಸ್ ಕಾಣಲಿಲ್ಲ, ಒಂದರಲ್ಲಿ ಸಿಟಿ 31. ಆ ಹೆಣ್ಣು ಗುಂಪಿನಲ್ಲೇ ದೊಡ್ಡದು, ಅದರ ಮೊಟ್ಟೆಗಳಲ್ಲಿ ಫಲಿತವಾದವು ಎಲ್ಲಕ್ಕಿಂತ ಹೆಚ್ಚು. ವರದಿ ಬಂದಾಗ ಅದರ ಮರಿಗಳು ಎರಡು ದಿನದವು, ಆಗಷ್ಟೇ ಬಾಯಿ ತೆರೆದು ರೋಟಿಫರ್ ಹಿಡಿಯಲು ಶುರುಮಾಡಿದ್ದವು. ತೊಟ್ಟಿಗೆ ಅಂದೇ ಲವಂಗದ ಎಣ್ಣೆ ಹಾಕಿ, ಹೆಣ್ಣನ್ನು ಗುಂಪಿನಿಂದ ತೆಗೆದರು.